ತಾತನ ಮೆಡಲ್‌ಗಳಿಗೆ ಫ್ರೇಮ್ ಹಾಕಿಸಿದ್ದು: ಹಲಸೂರಿನ ಒಂದು ಟೇಲರ್ ಅಂಗಡಿಯ ಬಗ್ಗೆ

ಮನೆಯಲ್ಲಿ ಹಿರಿಯರ ಮಿಲಿಟರಿ ಮೆಡಲ್‌ಗಳಿದ್ದು, ಅವನ್ನು ನೀಟಾಗಿ ಜೋಡಿಸಿ ಗೋಡೆಗೆ ಹಾಕಬೇಕು ಅಂತ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಫೋಟೊ ಫ್ರೇಮ್ ಹಾಕುವ ಅಂಗಡಿ ಬೀದಿಗೊಂದಿದೆ. ಆದರೆ ಮೆಡಲ್‌ಗೆ ಫ್ರೇಮ್ ಹಾಕುವುದು ಬೇರೆಯೇ ಕೆಲಸ. ಅದು ಗೊತ್ತಾಗುವಷ್ಟರಲ್ಲಿ ನಾನು ಎರಡು ಕಡೆ ಅಲೆದು ಬೇಜಾರಾಗಿದ್ದೆ. ಮೂರನೆಯದಾಗಿ ಸಿಕ್ಕಿದ್ದು ಹಲಸೂರಿನ ಈ ಮಿಲಿಟರಿ ಟೇಲರ್ ಅಂಗಡಿ.

ಮೊದಲು ತಾತನ ಬಗ್ಗೆ ಹೇಳುತ್ತೇನೆ. ಅದು ಗೊತ್ತಿಲ್ಲದೆ ಈ ಅಂಗಡಿಯವರು ಮಾಡಿದ ಕೆಲಸದ ಬೆಲೆ ಗೊತ್ತಾಗುವುದಿಲ್ಲ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನಲ್ಲಿದೆ. ತಾತ ಹುಟ್ಟಿದ್ದು 1938ರಲ್ಲಿ. 1957ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದರು. ಎಂಇಜಿ ಅಂತೀವಲ್ಲ, ಅದೇ. 1780ರಲ್ಲಿ ಮದ್ರಾಸಿನಲ್ಲಿ ಶುರುವಾದ ಪಡೆ, 1834ರಿಂದ ಬೆಂಗಳೂರಿನಲ್ಲಿ ನೆಲೆ ನಿಂತಿದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರುಗಳು ಹೂತಿಟ್ಟ ಮೈನ್ ತೆಗೆಯುವುದು ಇವರ ಕೆಲಸ. ಇಲ್ಲಿನ ಸೈನಿಕರನ್ನು 'ತಂಬಿ', ಅಂದರೆ ತಮಿಳಿನಲ್ಲಿ 'ತಮ್ಮ', ಅಂತಲೇ ಕರೆಯುತ್ತಾರೆ. ತಾತ ಪಟಾಲಂನಲ್ಲೇ ತಮಿಳು ಕಲಿತರು. ಊರಿಗೆ ಬಂದ ಮೇಲೂ ರಾಗಿ ಕಂತೆ ಎಣಿಸುವಾಗ ಮಾತ್ರ ಅವರ ಬಾಯಲ್ಲಿ ಒಣ್ಣು, ರೆಂಡು, ಮೂಣು ಅಂತಲೇ ಬರುತ್ತಿತ್ತು.

ಹದಿನೆಂಟು ವರ್ಷ ಸೇನೆಯಲ್ಲಿದ್ದರು. ನೇಫಾದಲ್ಲಿ, ಅಂದರೆ ಈಗಿನ ಅರುಣಾಚಲದಲ್ಲಿ, ರಸ್ತೆ ಕೆಲಸ ಮಾಡಿದರು. 1971ರ ಡಿಸೆಂಬರ್‌ನಲ್ಲಿ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಇದ್ದರು. ಬಸಂತರ್ ನದಿಯ ಹತ್ತಿರ ನಮ್ಮ ಟ್ಯಾಂಕ್‌ಗಳು ಮುಂದೆ ಹೋಗಬೇಕಾದರೆ ಮೊದಲು ಮೈನ್ ತುಂಬಿದ ನೆಲದಲ್ಲಿ ದಾರಿ ಬಿಡಿಸಬೇಕಿತ್ತು. ಆ ಕೆಲಸ ಸ್ಯಾಪರ್‌ಗಳದ್ದು, ಅಂದರೆ ತಾತನಂಥ ಎಂಜಿನಿಯರ್ ಪಡೆಯ ಸೈನಿಕರದ್ದು. ತಾತ ಇದರ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲ. 'ಚಳಿ ಇತ್ತು, ಕೈ ಬೆರಳು ಮರಗಟ್ಟೋದು, ಅದೇ ಕಷ್ಟ' ಅನ್ನುತ್ತಿದ್ದರು, ಅಷ್ಟೇ.

1975ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾಗಿ ಊರಿಗೆ ಬಂದರು. ಆಮೇಲೆ 49 ವರ್ಷ ಬೇಸಾಯ. ಇದನ್ನು ಒತ್ತಿ ಹೇಳಬೇಕು. ಊರಲ್ಲೆಲ್ಲ ಅವರನ್ನು 'ಮಿಲ್ಟ್ರಿ ತಾತ' ಅಂತ ಕರೆಯುತ್ತಿದ್ದರು, ಅದು ಸರಿ. ಆದರೆ ಸೇನೆಯಲ್ಲಿ ಇದ್ದದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಕಾಲ ಅವರು ಮಣ್ಣಿನಲ್ಲಿದ್ದರು. ಮೂರೂವರೆ ಎಕರೆ ಖುಷ್ಕಿ ಜಮೀನು. ರಾಗಿ ಬಿತ್ತಿದರೆ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಹುಚ್ಚೆಳ್ಳು, ಸಾಸಿವೆ ಹಾಕುತ್ತಿದ್ದರು. ಅಕ್ಕಪಕ್ಕದವರು ಅಕ್ಕಡಿ ಬಿಟ್ಟು ಬರೀ ರಾಗಿ ಹಾಕೋಕೆ ಶುರು ಮಾಡಿದಾಗಲೂ ತಾತ ಬಿಡಲಿಲ್ಲ. ಹಾಗಂತ ಹೊಸದನ್ನು ಬೇಡ ಅನ್ನುವವರಲ್ಲ. ಪ್ರತಿ ವರ್ಷ ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಕೃಷಿ ಮೇಳಕ್ಕೆ ಹೋಗುತ್ತಿದ್ದರು. ಬೆಂಕಿ ರೋಗ ತಡೆಯುತ್ತದೆ ಅಂತ ಜಿಪಿಯು-28 ರಾಗಿ ತಳಿಯನ್ನು ನಮ್ಮೂರಿಗೆ ಮೊದಲು ತಂದವರು ಅವರೇ.

ಒಂದು ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಛತ್ರಿಯ ಒಂದು ಕಡ್ಡಿಯನ್ನು ತಾತ ಬಾಗಿಲ ಸಂದಿಯಲ್ಲಿ ಇಟ್ಟಿರುತ್ತಿದ್ದರು. ಮಳೆ ಬಂದ ಮಾರನೇ ಬೆಳಿಗ್ಗೆ ಅದನ್ನು ಹಿಡಿದು ಹೊಲಕ್ಕೆ ಹೋಗಿ ಮಂಡಿಯೂರಿ ಕೂರುತ್ತಿದ್ದರು. ಕಡ್ಡಿಯನ್ನು ನೆಲಕ್ಕೆ ಓರೆಯಾಗಿ ಹಿಡಿದು, ಮೆಲ್ಲಗೆ, ತುಂಬಾ ಮೆಲ್ಲಗೆ ಒಳಗೆ ತೂರಿಸುತ್ತಿದ್ದರು. ಎಲ್ಲಿ ತಡೆಯುತ್ತದೋ ಅಲ್ಲಿಗೆ ನಿಲ್ಲಿಸಿ, ಹೊರಗೆ ತೆಗೆದು, ಒದ್ದೆಯಾದ ಭಾಗವನ್ನು ಬೆರಳಿನಲ್ಲಿ ಅಳೆಯುತ್ತಿದ್ದರು. 'ಒಂದು ಗೇಣು ನೆಂದದೆ. ಹದ ಬಂತು, ಕೂರಿಗೆ ಕಟ್ಟು' ಅಂತ ಅಪ್ಪನಿಗೆ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಕಡ್ಡಿ ತೆಗೆದುಕೊಂಡು ನೇರವಾಗಿ ಚುಚ್ಚಿದ್ದೆ. ತಟ್ಟನೆ ನನ್ನ ಕೈ ಹಿಡಿದುಬಿಟ್ಟರು. 'ನೇರ ಚುಚ್ಚಬಾರದು ಮಗಾ. ಓರೆ ಹಿಡಿ. ಯಾವಾಗಲೂ ಓರೆ.' ಮೈನ್ ಸಿಡಿಯುವುದು ಮೇಲಿನಿಂದ ಒತ್ತಿದಾಗ. ಓರೆಯಾಗಿ ಹುಡುಕಿದರೆ ಕಡ್ಡಿ ಅದರ ಪಕ್ಕಕ್ಕೆ ತಾಗುತ್ತದೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

2024ರ ನವೆಂಬರ್‌ನಲ್ಲಿ, ರಾಗಿ ಕೊಯ್ಲಿಗೆ ಬಂದಿದ್ದಾಗ, ತಾತ ಹೋದರು. 86 ವರ್ಷ. ಹಿಂದಿನ ವಾರದವರೆಗೂ ಹೊಲಕ್ಕೆ ಹೋಗಿ ತೆನೆ ಮುಟ್ಟಿ ನೋಡಿ ಬರುತ್ತಿದ್ದರು.

ತಿಥಿ ಮುಗಿದ ಮೇಲೆ ಅವರ ಕಪ್ಪು ಟ್ರಂಕ್ ತೆಗೆದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್, ಹಿತ್ತಾಳೆ ಉಜ್ಜುವ ಬ್ರಾಸೊ ಪಾಲಿಶ್‌ನ ಒಣಗಿ ಹೋದ ಡಬ್ಬಿ, ಸಮವಸ್ತ್ರದಲ್ಲಿ ತೆಗೆಸಿದ ಒಂದು ಕಪ್ಪುಬಿಳುಪು ಫೋಟೊ. ಅಜ್ಜಿಯ ಹಳೇ ಸೀರೆ ತುಂಡಿನಲ್ಲಿ ಗಂಟು ಕಟ್ಟಿದ ಐದು ಮೆಡಲ್. ರಿಬ್ಬನ್‌ಗಳು ಕಪ್ಪಾಗಿ, ಅಂಚು ಪಿಸಿದು, ಮುಟ್ಟಿದರೆ ನೂಲು ಉದುರುತ್ತಿತ್ತು. ವರ್ಷದ ತಿಥಿ ಹೊತ್ತಿಗೆ ಇವನ್ನು ಫ್ರೇಮ್ ಹಾಕಿಸುತ್ತೇನೆ ಅಂತ ಅಜ್ಜಿಗೆ ಮಾತು ಕೊಟ್ಟೆ. ನಾನಿರುವುದು ಯಲಹಂಕದಲ್ಲಿ. ಮನೆಯಲ್ಲಿ ಬೆಂಗಳೂರು ಗೊತ್ತಿರುವವಳು ನಾನೇ.

ಮೊದಲು ಒಂದು ಫೋಟೊ ಸ್ಟುಡಿಯೋಗೆ ಹೋದೆ. ಹೆಸರು ಬೇಡ. ಹಳೇ ಫೋಟೊವನ್ನು ಕಂಪ್ಯೂಟರ್‌ನಲ್ಲಿ ಹೊಸದು ಮಾಡಿಕೊಡುತ್ತೇವೆ ಅಂದರು. ಮೂರು ದಿನ ಬಿಟ್ಟು ಹೋದರೆ ಪರದೆ ಮೇಲೆ ಯಾರೋ ಸಿನಿಮಾ ಹೀರೋ ಇದ್ದ ಹಾಗಿತ್ತು. ಚರ್ಮ ನುಣ್ಣಗೆ, ತುಟಿ ಕೆಂಪಗೆ. ತೋಳಿನ ಮೇಲಿನ ಮೂರು ಪಟ್ಟಿ ಎರಡೂವರೆ ಆಗಿತ್ತು. ಎಲ್ಲಕ್ಕಿಂತ ನೋವಾಗಿದ್ದು, ಎಡ ಹುಬ್ಬಿನ ಗಾಯದ ಗುರುತು ಮಾಯವಾಗಿತ್ತು. ಆ ಗಾಯ ತಾತನಿಗೆ ಹನ್ನೆರಡು ವರ್ಷದಲ್ಲಿ ಎತ್ತು ಹಾದು ಆದದ್ದು. ಡಿಸ್ಚಾರ್ಜ್ ಬುಕ್‌ನಲ್ಲಿ ಗುರುತಿನ ಚಿಹ್ನೆ ಅಂತ ಅದನ್ನೇ ಬರೆದಿದ್ದಾರೆ. 'ಅದು ಕಲೆ ಅಂದ್ಕೊಂಡು ತೆಗೆದುಬಿಟ್ವಿ ಮೇಡಂ' ಅಂದರು. ಮೂಲ ಫೋಟೊ ವಾಪಸ್ ತೆಗೆದುಕೊಂಡು ಬಂದುಬಿಟ್ಟೆ.

ಎರಡನೇದು ಒಂದು ದೊಡ್ಡ ಫ್ರೇಮ್ ಅಂಗಡಿ. ಎಸಿ, ಕಾಫಿ ಎಲ್ಲ ಇತ್ತು. ಮೆಡಲ್‌ಗಳನ್ನು ಪಾಲಿಶ್ ಮಾಡಿ ಫಳಫಳ ಅನ್ನಿಸಿ, ಬಿಸಿ ಗಮ್‌ನಲ್ಲಿ ವೆಲ್ವೆಟ್ ಮೇಲೆ ಅಂಟಿಸುತ್ತೇವೆ ಅಂದರು. ಮತ್ತೆ ಬಿಚ್ಚೋಕೆ ಬರುತ್ತಾ ಅಂತ ಕೇಳಿದೆ. ಬಿಚ್ಚೋದು ಯಾಕೆ ಅಂತ ಅವರೇ ನನ್ನನ್ನು ಕೇಳಿದರು. ಗಂಟು ಕಟ್ಟಿಕೊಂಡು ಹೊರಗೆ ಬಂದೆ.

ಆಗ ನನಗೆ ಹೊಳೆಯಿತು. ತಾತನೇ ಒಂದು ಸಲ ದಾರಿ ತೋರಿಸಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ನನ್ನನ್ನು ಬ್ರಿಗೇಡ್ ರಸ್ತೆಗೆ ಕರೆದುಕೊಂಡು ಹೋಗಿದ್ದರು. ರೆಸಿಡೆನ್ಸಿ ರಸ್ತೆ ಸೇರುವ ಕಡೆ ಮದ್ರಾಸ್ ಸ್ಯಾಪರ್‌ಗಳ ಯುದ್ಧ ಸ್ಮಾರಕ ಇದೆ, ಎತ್ತರದ ಕಲ್ಲಿನ ಕಂಬ. ಅದರ ಮುಂದೆ ಎರಡು ನಿಮಿಷ ಚಪ್ಪಲಿ ಬಿಟ್ಟು ನಿಂತರು. ಪಕ್ಕದಲ್ಲಿ ಜನ ಶಾಪಿಂಗ್ ಚೀಲ ಹಿಡಿದು ಓಡಾಡುತ್ತಿದ್ದರು. ಆಮೇಲೆ ನೇರ ಹಲಸೂರಿಗೆ ಬಂದು ಬಜಾರ್ ಬೀದಿಯಲ್ಲಿ ತಿಂಡಿ ತಿನ್ನಿಸಿ, 'ನಮ್ಮ ಯೂನಿಫಾರಂ ಹೊಲಿಯೋರೆಲ್ಲ ಇಲ್ಲೇ ಇದ್ದದ್ದು' ಅಂದಿದ್ದರು. ಆ ಮಾತು ಹಿಡಿದುಕೊಂಡು ಹೊರಟೆ.

ಹಲಸೂರು ಮೆಟ್ರೋ ನಿಲ್ದಾಣದಲ್ಲಿ ಇಳಿದು, ಸೋಮೇಶ್ವರ ದೇವಸ್ಥಾನದ ಹತ್ತಿರ ಯಾರನ್ನಾದರೂ 'ಮಿಲಿಟರಿ ಟೇಲರ್ ಎಲ್ಲಿ' ಅಂತ ಕೇಳಿ. ತೋರಿಸುತ್ತಾರೆ. ಅಂಗಡಿ ಹೆಸರು ಹಾಕಬೇಡಿ ಅಂತ ಯಜಮಾನರು ಕೈಮುಗಿದು ಹೇಳಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ, ಜೊತೆಗೆ ಒಬ್ಬ ಮೊಮ್ಮಗ, ಇಬ್ಬರೇ. ಇರುವ ಕೆಲಸಕ್ಕೇ ಕೈ ಸಾಲುತ್ತಿಲ್ಲವಂತೆ. ಹತ್ತಡಿ ಅಗಲದ ಜಾಗ. ಒಂದು ಗೋಡೆ ತುಂಬ ಟೋಪಿ, ಬೆಲ್ಟ್, ಭುಜದ ಪಟ್ಟಿ, ಹಿತ್ತಾಳೆ ಬ್ಯಾಡ್ಜ್. ಇನ್ನೊಂದು ಗೋಡೆಯಲ್ಲಿ ಮೆಡಲ್ ರಿಬ್ಬನ್‌ಗಳ ಸುರುಳಿ, ಬಳೆ ಅಂಗಡಿಯಲ್ಲಿ ಬಳೆ ಜೋಡಿಸಿದ ಹಾಗೆ. ಮಧ್ಯೆ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್. ಗೋಡೆಯ ಮೇಲೆ ಒಂದು ಪುಟ್ಟ ಚಿತ್ರ, ಸುಬೇದಾರ್ ಸುಬ್ರಮಣಿಯನ್ ಅವರದ್ದು. 1944ರಲ್ಲಿ ಇಟಲಿಯಲ್ಲಿ ಮೈನ್ ಸಿಡಿಯುವಾಗ ಜೊತೆಯವರನ್ನು ಉಳಿಸಲು ಅದರ ಮೇಲೆ ತಾವೇ ಬಿದ್ದು ಪ್ರಾಣ ಕೊಟ್ಟ ಮದ್ರಾಸ್ ಸ್ಯಾಪರ್. ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಪಡೆದವರು. ಅವರ ಕತೆ ತಾತ ನನಗೆ ಹೇಳಿದ್ದರು. ಆ ಚಿತ್ರ ನೋಡಿದ ತಕ್ಷಣ ಸರಿಯಾದ ಜಾಗಕ್ಕೆ ಬಂದಿದ್ದೇನೆ ಅನ್ನಿಸಿತು.

ಯಜಮಾನರು ಗಂಟು ಬಿಚ್ಚಿ, ಮೊದಲು ಕೈ ತೊಳೆದುಕೊಂಡು ಬಂದರು. ಮೇಜಿನ ಮೇಲೆ ಬಿಳಿ ಪಂಚೆ ಹಾಸಿದರು. ಒಂದೊಂದೇ ಮೆಡಲ್ ಎತ್ತಿ, ಕನ್ನಡಕ ಹಣೆಗೆ ಏರಿಸಿ, ಭೂತಗನ್ನಡಿಯಲ್ಲಿ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ದುಂಡು ಮೆಡಲ್‌ಗಳ ಅಂಚಿನಲ್ಲಿ ಪಡೆದವರ ನಂಬರ್ ಮತ್ತು ಹೆಸರು ಕೆತ್ತಿರುತ್ತಾರೆ. ಇಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದ ವಸ್ತು, ಅದರ ಅಂಚಿನಲ್ಲಿ ತಾತನ ಹೆಸರಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಯಜಮಾನರು ತಾತನ ನಂಬರನ್ನು ಗಟ್ಟಿಯಾಗಿ ಓದಿದರು, ಆಮೇಲೆ ಹೆಸರು. ಹಾಜರಿ ಕರೆಯುವ ಹಾಗೆ. ನನಗೆ ಕಣ್ಣು ತುಂಬಿ ಬಂತು. ಅವರು ಏನೂ ಮಾತಾಡದೆ ಮೊಮ್ಮಗನಿಗೆ ನೀರು ತರೋಕೆ ಹೇಳಿದರು.

ಆಮೇಲೆ ಮೆಡಲ್‌ಗಳನ್ನು ಸಾಲಾಗಿ ಇಟ್ಟರು. ನಾವು ಮನೆಯಲ್ಲಿ ಚೆನ್ನಾಗಿ ಕಾಣೋದನ್ನು ಮಧ್ಯದಲ್ಲಿ ಇಟ್ಟು ನೋಡಿದ್ದೆವು. ಅದು ತಪ್ಪಂತೆ. ಇದಕ್ಕೆ ಲೆಕ್ಕ ಇದೆ. ಎಡ ಎದೆಯ ಮೇಲೆ ಹಾಕಿಕೊಳ್ಳುವಾಗ ಎದೆಯ ನಡುವಿಗೆ ಹತ್ತಿರ ಇರುವುದು ಎಲ್ಲಕ್ಕಿಂತ ಹಿರಿಯ ಮೆಡಲ್. ನೋಡುವವರಿಗೆ ಎಡದಿಂದ ಬಲಕ್ಕೆ ಓದಿದ ಹಾಗೆ. ಮೊದಲು ಪಶ್ಚಿಮಿ ಸ್ಟಾರ್, ಐದು ಮೂಲೆಯ ಕಂಚಿನ ನಕ್ಷತ್ರ, 1971ರಲ್ಲಿ ಪಶ್ಚಿಮದ ಗಡಿಯಲ್ಲಿದ್ದವರಿಗೆ ಕೊಟ್ಟದ್ದು. ಆಮೇಲೆ 1965ರ ರಕ್ಷಾ ಮೆಡಲ್. ಆಮೇಲೆ ಯಜಮಾನರು ಒಂದು ಬೆರಳು ಅಗಲ ಜಾಗ ಬಿಟ್ಟರು. ಆಮೇಲೆ ಸೈನ್ಯ ಸೇವಾ ಮೆಡಲ್, ಅದರ ರಿಬ್ಬನ್ ಮೇಲೆ ನೇಫಾದ ಪಟ್ಟಿ. ಕೊನೆಗೆ 25ನೇ ಸ್ವಾತಂತ್ರ್ಯೋತ್ಸವದ ಮೆಡಲ್, ಒಂಬತ್ತು ವರ್ಷದ ದೀರ್ಘ ಸೇವೆಯ ಮೆಡಲ್.

ಬಿಟ್ಟ ಜಾಗದ ಮೇಲೆ ಬೆರಳಿಟ್ಟು ಕೇಳಿದರು. 'ಇದೆಲ್ಲಮ್ಮಾ?'

'ಯಾವುದು?'

'ಸಂಗ್ರಾಮ್ ಮೆಡಲ್. ಪಶ್ಚಿಮಿ ಸ್ಟಾರ್ ಇದೆ ಅಂದ್ರೆ ಸಂಗ್ರಾಮ್ ಇರ್ಲೇಬೇಕಲ್ಲ. 71ರಲ್ಲಿ ಸರ್ವೀಸ್‌ನಲ್ಲಿ ಇದ್ದೋರಿಗೆ ಅದು ಬಂದಿರುತ್ತೆ. ಟ್ರಂಕ್ ಇನ್ನೊಂದು ಸಲ ನೋಡಿ.'

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಟ್ರಂಕಲ್ಲಿ ಇಲ್ಲ. ಹುಡುಕಬೇಡ. ಇರೋದಕ್ಕೇ ಹಾಕಿಸು' ಅಂದು ಇಟ್ಟುಬಿಟ್ಟರು.

ಬೇರೆ ಅಂಗಡಿಯವರಾಗಿದ್ದರೆ ಒಂದು ನಕಲಿ ಮೆಡಲ್ ತಂದು ಸೇರಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ನಕಲು ಇವರ ಹತ್ತಿರವೂ ಇದೆ. ಕಳೆದುಕೊಂಡವರು ಪರೇಡ್‌ಗೆ ಹಾಕಿಕೊಳ್ಳೋಕೆ ಅಂತ ತೆಗೆದುಕೊಂಡು ಹೋಗುತ್ತಾರಂತೆ. ಅದನ್ನು ನನ್ನ ಕೈಗೇ ಕೊಟ್ಟು, 'ಬೇಕಿದ್ರೆ ಹಾಕ್ತೀನಿ. ಆದ್ರೆ ಅಂಚು ನೋಡಿ' ಅಂದರು. ನೋಡಿದೆ. ಅಂಚು ಖಾಲಿ ಇತ್ತು. 'ನಿಮ್ಮ ತಾತನ ಹೆಸರಿರೋ ಐದರ ಮಧ್ಯೆ ಹೆಸರಿಲ್ಲದ್ದು ಒಂದು ಕೂರುತ್ತೆ. ಇಲ್ಲ ಅಂದ್ರೆ ರಿಬ್ಬನ್ ಮಾತ್ರ ಹಾಕೋಣ. ರಿಬ್ಬನ್ ಅವರ ಹಕ್ಕು, ಅದನ್ನ ಬಿಡೋದು ಬೇಡ. ಯೋಚ್ನೆ ಮಾಡಿ ಹೇಳಿ.' ರಿಬ್ಬನ್ ಮಾತ್ರ ಸಾಕು ಅಂದೆ.

ಪಾಲಿಶ್ ಮಾತಿಗೆ ಅವರು ತಲೆಯಾಡಿಸಿಬಿಟ್ಟರು. ಹಿತ್ತಾಳೆಗೆ ಹಾಕುವ ಪಾಲಿಶ್ ಉಜ್ಜಿದರೆ ಪ್ರತಿ ಸಲ ಮೇಲಿನ ಪದರ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಅಕ್ಷರ ಸವೆಯುತ್ತದೆ. 'ನಿಮ್ಮ ತಾತ ಇದ್ದಾಗ ಉಜ್ಜಿದ್ದಾರೆ, ಅದು ಅವರ ಕೈಗುರುತು. ನಾವು ಇನ್ನು ಉಜ್ಜೋದು ಬೇಡ' ಅಂದರು. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರು, ಅಷ್ಟೇ. ಹಳೇ ರಿಬ್ಬನ್‌ಗಳನ್ನು ಎಸೆಯಲಿಲ್ಲ. ಕಾಗದದ ಲಕೋಟೆಯಲ್ಲಿ ಹಾಕಿ, ಯಾವುದು ಯಾವ ಮೆಡಲ್‌ನದ್ದು ಅಂತ ಮೇಲೆ ಬರೆದು ವಾಪಸ್ ಕೊಟ್ಟರು.

ಜೋಡಿಸುವುದರಲ್ಲಿ ಎರಡು ಬಗೆ ಇದೆಯಂತೆ. ಒಂದರಲ್ಲಿ ಮೆಡಲ್‌ಗಳು ಸಡಿಲವಾಗಿ ತೂಗುತ್ತವೆ, ನಡೆದರೆ ಕಿಣಿಕಿಣಿ ಅನ್ನುತ್ತವೆ. ಇನ್ನೊಂದು ಕೋರ್ಟ್ ಮೌಂಟ್. ಗಟ್ಟಿ ಹಲಗೆಗೆ ರಿಬ್ಬನ್ ಸುತ್ತಿ, ಮೆಡಲನ್ನು ಅದರ ಮೇಲೆ ಅಲುಗಾಡದ ಹಾಗೆ ದಾರದಲ್ಲಿ ಹೊಲಿಯುತ್ತಾರೆ. ಒಂದಕ್ಕೊಂದು ಬಡಿದು ಗೀರು ಬೀಳುವುದಿಲ್ಲ. ಗೋಡೆಗೆ ಹಾಕೋಕೆ ಇದೇ ಒಳ್ಳೆಯದು ಅಂದರು. ಅವರು ಹೊಲಿಯುವುದನ್ನು ಕೂತು ನೋಡಿದೆ. 32 ಮಿಲಿಮೀಟರ್ ಅಗಲದ ರಿಬ್ಬನ್, ಅದರ ಮಡಿಕೆ ಒಂದು ಕೂದಲೆಳೆ ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಎರಡನೇ ಮೆಡಲನ್ನು ಮೂರು ಸಲ ಬಿಚ್ಚಿದರು. ಅಂಟು ಎಲ್ಲೂ ಇಲ್ಲ. ನಾಳೆ ಯಾರಾದರೂ ಬಿಚ್ಚಬೇಕು ಅಂದರೆ ನಾಲ್ಕು ಎಳೆ ಕತ್ತರಿಸಿದರೆ ಸಾಕು.

ಫ್ರೇಮ್ ಎರಡು ಇಂಚು ಆಳದ ತೇಗದ ಪೆಟ್ಟಿಗೆ. ಗಾಜು ಮೆಡಲ್‌ಗೆ ತಾಗದ ಹಾಗೆ ಸುತ್ತ ಪಟ್ಟಿ ಕೊಟ್ಟಿದ್ದಾರೆ. ಫೋಟೊವನ್ನು ಹೇಗಿತ್ತೋ ಹಾಗೆ ಪ್ರಿಂಟ್ ಹಾಕಿಸಿದ್ದಾರೆ, ಹುಬ್ಬಿನ ಗಾಯ ಸ್ಪಷ್ಟವಾಗಿ ಕಾಣುತ್ತದೆ. ನನಗೆ ಒಂದು ರಾಗಿ ತೆನೆಯನ್ನೂ ಒಳಗೆ ಇಡಬೇಕು ಅಂತ ಆಸೆ ಇತ್ತು. ಅವರು ಬೇಡ ಅಂದರು. ತೆನೆ ಎಷ್ಟೇ ಒಣಗಿದ್ದರೂ ತೇವ ಹಿಡಿಯುತ್ತದೆ, ಹುಳ ಬರುತ್ತದೆ, ರಿಬ್ಬನ್ ತಿನ್ನುತ್ತದೆ. ಮುಖ ನೋಡಿ ಅನುಸರಿಸಿಕೊಂಡು ಹೋಗುವವರಲ್ಲ ಅವರು. ಆಗ ಸ್ವಲ್ಪ ಬೇಜಾರಾಯಿತು. ಈಗ ಅವರು ಹೇಳಿದ್ದೇ ಸರಿ ಅನ್ನಿಸುತ್ತದೆ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಹೋಗುತ್ತದೆ ಅಂತ ಎರಡು ಸಲ ಹೇಳಿ ಕಳಿಸಿದರು.

ತೆನೆ ಬೇಡ ಅಂದದ್ದಕ್ಕೇ ಹಿತ್ತಾಳೆ ಫಲಕದ ಮಾತು ಬಂತು. ಫಲಕದ ಮೇಲೆ ಸಾಮಾನ್ಯವಾಗಿ ನಂಬರ್, ರ‍್ಯಾಂಕ್, ಹೆಸರು, ರೆಜಿಮೆಂಟ್, ಸೇವೆಯ ವರ್ಷ ಹಾಕುತ್ತಾರೆ. ಅದೂ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬೇಕು ಅಂದೆ. ಏನು ಬರೆಸಲಿ ಅಂತ ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿ ಹೇಳಿದ್ದು ಇಷ್ಟೇ: 'ಮಿಲ್ಟ್ರಿದು ಬರ್ಸು. ಆಮೇಲೆ ಐವತ್ತು ವರ್ಸ ಅವರೇನು ಸುಮ್ನೆ ಕೂತಿದ್ರಾ? ಅದ್ನೂ ಬರ್ಸು.' ಫೋನ್ ಸ್ಪೀಕರ್‌ನಲ್ಲಿತ್ತು. ಯಜಮಾನರು ಸೂಜಿ ಕೆಳಗಿಟ್ಟು ಕೇಳಿಸಿಕೊಂಡರು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ ಅಂದರು. ಊರಿಂದ ಬಂದು ಸೇರಿದವರಲ್ಲಿ ಮುಕ್ಕಾಲು ಪಾಲು ರೈತರ ಮಕ್ಕಳೇ, ವಾಪಸ್ ಹೋಗಿ ಮಾಡಿದ್ದೂ ಅದೇ, ಆದರೂ ಫಲಕಕ್ಕೆ ಅದು ಬರೋದೇ ಇಲ್ಲ ಅಂದರು. ಒಂದು ಚೀಟಿಯಲ್ಲಿ ತಾವೇ ಅಳತೆ ಹಾಕಿ ಬರೆದು ತೋರಿಸಿದರು. ಹೆಸರಿನ ಕೆಳಗೆ ಎರಡು ಸಾಲು, ಎರಡೂ ಒಂದೇ ದಪ್ಪದ ಅಕ್ಷರ:

ಹವಾಲ್ದಾರ್, ಮದ್ರಾಸ್ ಎಂಜಿನಿಯರ್ ಗ್ರೂಪ್, 1957–1975
ಬೇಸಾಯಗಾರ, 1975–2024

ಈಗ ತೊಂದರೆಗಳನ್ನೂ ಹೇಳಬೇಕು. ಹನ್ನೆರಡು ದಿನ ಅಂದಿದ್ದರು, 23 ದಿನ ಆಯಿತು. ಫಲಕ ಕೆತ್ತಿಸುವುದು ಹೊರಗಡೆ. ಮೊದಲು ಬಂದದ್ದರಲ್ಲಿ 'ಬೇಸಯಗಾರ' ಅಂತ ದೀರ್ಘ ಬಿಟ್ಟು ಹೋಗಿತ್ತು. ಕೆತ್ತುವವರಿಗೆ ಕನ್ನಡ ಓದಲು ಬರುವುದಿಲ್ಲವಂತೆ. ಯಜಮಾನರು ಒಂದು ಮಾತಾಡದೆ ಅದನ್ನು ಪಕ್ಕಕ್ಕಿಟ್ಟು ತಮ್ಮ ದುಡ್ಡಿನಲ್ಲಿ ಮತ್ತೆ ಮಾಡಿಸಿದರು, ಆದರೆ ಅದಕ್ಕೆ ಇನ್ನೊಂದು ವಾರ ಹೋಯಿತು. ನೀವು ಕನ್ನಡದಲ್ಲಿ ಹಾಕಿಸುವುದಾದರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡಿ, ಕೆತ್ತುವ ಮುಂಚೆ ಒಂದು ಫೋಟೊ ತರಿಸಿ ನೋಡಿ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲವೇ ಇಲ್ಲ, ಮೆಟ್ರೋದಲ್ಲೇ ಹೋಗಿ. ಫೋನ್ ಮಾಡಿದರೆ ಎತ್ತುವುದು ಕಡಿಮೆ. ತಾರೀಕು ನಿಗದಿ ಇರುವ ಕೆಲಸ ಆದರೆ ಒಂದೂವರೆ ತಿಂಗಳು ಮುಂಚೆ ಕೊಡಿ. ನನಗೆ ತಿಥಿಗೆ ನಾಲ್ಕು ದಿನ ಮುಂಚೆ ಕೈಗೆ ಸಿಕ್ಕಿತು, ಅಲ್ಲಿಯವರೆಗೆ ನಿದ್ದೆ ಇರಲಿಲ್ಲ.

ಖರ್ಚು ಹೀಗಾಯಿತು. ಹೊಸ ರಿಬ್ಬನ್ ಸೇರಿ ಮೌಂಟ್ ಮಾಡಿದ್ದಕ್ಕೆ 2,200 ರೂಪಾಯಿ, ಫೋಟೊ ಪ್ರಿಂಟ್ ಸೇರಿ ತೇಗದ ಫ್ರೇಮ್‌ಗೆ 3,600, ಫಲಕಕ್ಕೆ 700. ಒಟ್ಟು 6,500. ಆ ಎಸಿ ಅಂಗಡಿಯವರು ಅಂಟಿಸಿ ಕೊಡೋದಕ್ಕೇ ಇದಕ್ಕಿಂತ ಜಾಸ್ತಿ ಹೇಳಿದ್ದರು. ದುಡ್ಡು ಕೊಟ್ಟಾಗ ಯಜಮಾನರು ಮೊದಲು ಫ್ರೇಮಿಗೆ ಕೈಮುಗಿದು, ಆಮೇಲೆ ದುಡ್ಡು ಎಣಿಸಿಕೊಂಡರು. ನೀವು ಹೋಗುವಾಗ ಡಿಸ್ಚಾರ್ಜ್ ಬುಕ್ ಮರೆಯದೆ ಒಯ್ಯಿರಿ. ಅದರಲ್ಲಿರುವುದನ್ನೂ ಮೆಡಲ್‌ಗಳನ್ನೂ ಹೋಲಿಸಿ ನೋಡಿ ಆಮೇಲೆಯೇ ಅವರು ಕೆಲಸ ಶುರು ಮಾಡುವುದು.

ತಿಥಿಯ ಹಿಂದಿನ ಸಂಜೆ ಫ್ರೇಮನ್ನು ಊರಿಗೆ ಒಯ್ದೆ. ನಡುಮನೆಯಲ್ಲಿ ಬಿಸಿಲು ಬೀಳದ ಗೋಡೆ ನೋಡಿ ಮೊಳೆ ಹೊಡೆದೆವು. ಅಜ್ಜಿ ಸೆರಗಿನಲ್ಲಿ ಗಾಜು ಒರೆಸಿ, ಗಾಯದ ಗುರುತಿನ ಹತ್ತಿರ ಬೆರಳಿಟ್ಟು, 'ಹೂಂ, ಇವ್ರೇ' ಅಂದರು. ಫಲಕದ ಎರಡನೇ ಸಾಲನ್ನು ನನ್ನ ಕೈಲಿ ಎರಡು ಸಲ ಓದಿಸಿದರು.

ಅಪ್ಪ ದೂರದಲ್ಲಿ ನಿಂತಿದ್ದರು. ಹತ್ತಿರ ಬಂದು ಮೂರನೇ ರಿಬ್ಬನ್ ನೋಡಿದರು. ಅದರ ಕೆಳಗೆ ಏನೂ ಇಲ್ಲ. ಆಗ ಹೇಳಿದರು. ತಾತ ಊರಿಗೆ ಬಂದ ಮಾರನೇ ವರ್ಷ, ಅಪ್ಪನಿಗೆ ಹತ್ತು ವರ್ಷ. ದನ ಮೇಯಿಸುವ ಹುಡುಗರಿಗೆ ತೋರಿಸೋಕೆ ಅಂತ ಮೆಡಲನ್ನು ಚಡ್ಡಿ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಹೊಲದಲ್ಲಿ ಎಲ್ಲೋ ಬೀಳಿಸಿದ್ದರು. ತಾತ ಒಂದು ಮಾತೂ ಬೈಯಲಿಲ್ಲವಂತೆ. ಛತ್ರಿ ಕಡ್ಡಿ ಹಿಡಿದು ಬಡಗಣ ಬದುವಿನ ಉದ್ದಕ್ಕೂ ಮಂಡಿಯೂರಿ ಮೂರು ದಿನ ಹುಡುಕಿದರಂತೆ, ಓರೆಯಾಗಿ, ಗೇಣು ಗೇಣಿಗೆ. ನಾಲ್ಕನೇ ದಿನ ಮಳೆ ಬಂತು. ಹದ ಸಿಕ್ಕಿತು ಅಂತ ಎದ್ದು ರಾಗಿ ಬಿತ್ತಿದರಂತೆ.

'ಆ ಬದ ಎಲ್ಲೈತೆ ಈಗ?' ಅಂತ ಅಜ್ಜಿ ಕೇಳಿದರು. ಬಡಗಣ ಮೂಲೆಯ 14 ಗುಂಟೆ ದೊಡ್ಡ ರಸ್ತೆಗೆ ಹೋಗಿದೆ. ಬದುವಿನ ಮೇಲೆ ಈಗ ಲಾರಿಗಳು ಓಡಾಡುತ್ತವೆ.

ಬೆಳಿಗ್ಗೆ ಎಡೆ ಇಡುವ ಮುಂಚೆ ಅಪ್ಪ ಫ್ರೇಮಿಗೆ ಸೇವಂತಿಗೆ ಹಾರ ಹಾಕಿದರು. ಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಮತ್ತೆ ಹತ್ತಿರ ಹೋಗಿ, ಮೂರನೇ ರಿಬ್ಬನ್ ಮುಚ್ಚದ ಹಾಗೆ ಹೂವನ್ನು ಪಕ್ಕಕ್ಕೆ ಸರಿಸಿದರು.